ಕೇಳಿದರೆ ಹೇಳುವ ಹೆಫರ್ನನ್

ಸುಡುವ ಜುಲೈ ತಿಂಗಳಲ್ಲೂ ಕಾರ್ನೀಲಿಯಸ್ ಹೆಫರ್ನನ್ ಕರಿಯ ಉಣ್ಣೆಯ ಕೋಟಿನ ಬಲತೋಳನ್ನಷ್ಟೇ ತೊಟ್ಟು, ಉಳಿದರ್ಧವನ್ನು ಬೆನ್ನ ಮೇಲೆ ಇಳಿಬಿಟ್ಟುಕೊಂಡು ಮೈದಾನಕ್ಕೆ ಬರುತ್ತಿದ್ದ. ಚೆಂಡೆಸೆಯುವ ತೋಳಿಗೆ ಗಾಳಿ ಸೋಕಬಾರದೆಂಬುದು ಅವನ ದೃಢ ನಂಬಿಕೆ. ಹಡ್ಸನ್ ನದಿಯ ದಂಡೆಯ ನಮ್ಮೂರಿನಲ್ಲಿ ಪೀಪಾಯಿ ಕಟ್ಟುತ್ತಿದ್ದ ಈ ಐರಿಷ್ ತರುಣನನ್ನು ಬೇಸ್‌ಬಾಲ್ ತಂಡಕ್ಕೆ ಸೇರಿಸಿಕೊಂಡಾಗ, ಆಟವಾಡಲು ಸಂಬಳವೆಂಬುದೇ ಊರಿಗೊಂದು ವಿಸ್ಮಯವಾಗಿತ್ತು. ಸೊಂಟದ ಕೆಳಗಿನಿಂದ ಹೊರಟ ಅವನ ಚೆಂಡು ನೆಟ್ಟಗೆ ಬಂದು, ಕೊನೆಯ ಗಳಿಗೆಯಲ್ಲಿ ಏನನ್ನೋ ನೆನೆಸಿಕೊಂಡಂತೆ ಪಕ್ಕಕ್ಕೆ ಹೊರಳುತ್ತಿತ್ತು. ದಾಂಡಿಗನ ಹಿಂದೆ ನಿಂತು ಅದನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದವನು ನಾನು. ನನ್ನ ಈ ಡೊಂಕು ಬೆರಳುಗಳು ಅವನ ಕೃಪೆ.

ಆಗಸ್ಟಿನಲ್ಲಿ ನದಿಯಾಚೆಯ ತಂಡದೊಡನೆ ಪಂದ್ಯ. ಕೊನೆಯ ಸರದಿ ಅವರದು. ನಾವು ಒಂದೇ ಓಟದಿಂದ ಮುಂದಿದ್ದೆವು, ಅವರ ಇಬ್ಬರು ಓಟಕ್ಕೆ ಸಿದ್ಧರಾಗಿ ನಿಂತಿದ್ದರು. ದೂರ ಹಾರಿದ ಚೆಂಡಿನ ಹಿಂದೆ ಓಡಿದ ನಮ್ಮ ಪ್ರುಯಿಟ್ ಹುಲ್ಲಿನ ಮೇಲೆ ಉರುಳಿ, ಹಿಡಿದೆನೆಂದು ಕೈ ಎತ್ತಿದ. ಹಿಡಿದಿದ್ದರೆ ಗೆಲುವು ನಮ್ಮದು, ನೆಲ ಮುಟ್ಟಿದ್ದರೆ ಅವರದು. ಅಂಪೈರ್ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅಂಥ ಸಂದರ್ಭದಲ್ಲಿ ಆಟಗಾರರನ್ನೇ ಕೇಳುವುದು ಆಗಿನ ಪದ್ಧತಿ. ಅಂಪೈರ್ ಹೆಫರ್ನನ್ನನ ಕಡೆ ತಿರುಗಿದರು.

"ನೀವು ನೋಡಿದ್ರಾ?"

"ನೋಡ್ದೆ ಸಾಹೇಬ್ರೇ. ನೆಲಕ್ಕೆ ಬಿದ್ಮೇಲೆ ಹಿಡ್ದ."

ಸೋತೆವು. ಕೋಟು ಹುಡುಕುತ್ತಿದ್ದ ಅವನ ಮುಂದೆ ತಂಡದ ಯಜಮಾನ ಲಾಕ್‌ವುಡ್ ಬಂದು ನಿಂತರು. "ನಿಂಗೆ ಅನ್ನ ಹಾಕೋದು ಯಾರಯ್ಯಾ, ಅಂಪೈರಾ? ನಾಳೆಯಿಂದ ಬರ್ಬೇಡ." ಎದುರು ತಂಡದ ಯಜಮಾನರು ಕೈಕುಲುಕಿ ಹೊಗಳಿದರು, ಅವರೂ ಕೆಲಸಕ್ಕೆ ಕರೆಯಲಿಲ್ಲ.

ದಾರಿಯಲ್ಲಿ ನಾನು ಅವನ ಮೇಲೆ ರೇಗಿದೆ: "ಲೋ ಕಾನಿ, ಕಾಣ್ಲಿಲ್ಲ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತೋ?"

"ಅವ್ರು ಕೇಳ್ದೇ ಇದ್ದಿದ್ರೆ ನಾನಾಗಿ ಬಾಯಿ ಬಿಡ್ತಿರ್ಲಿಲ್ಲ ಕಣೋ. ಕೇಳ್ಬಿಟ್ರಲ್ಲ."

ಅವನೇನು ಸಾಧುಪುರುಷನಲ್ಲ. ಇಸ್ಪೀಟಿನಲ್ಲಿ ನಿಸ್ಸಂಕೋಚವಾಗಿ ಎಲೆ ಬಚ್ಚಿಡುತ್ತಿದ್ದ. ಬಚ್ಚಿಟ್ಟೆಯಾ ಎಂದು ಕೇಳಿದರೆ ಮಾತ್ರ ತೆಗೆದು ತೋರಿಸುತ್ತಿದ್ದ. ಮತ್ತೆ ಪೀಪಾಯಿಗಳಿಗೆ ಮರಳಿದವನು ಯಾವ ತಂಡಕ್ಕೂ ಆಡಲಿಲ್ಲ. ತಲೆ ನರೆತ ಮೇಲೊಮ್ಮೆ, ಆಟ ತಪ್ಪಿದ್ದಕ್ಕೆ ನೋವಿಲ್ಲವೇ ಎಂದು ಕೇಳಿದೆ. ಪೀಪಾಯಿಯ ಪಟ್ಟಿಗೆ ಸುತ್ತಿಗೆಯ ಏಟು ಹಾಕುತ್ತಲೇ ಹೇಳಿದ: "ಇದೆ. ಬೇಸಗೆ ಬಂದ್ರೆ ತೋಳು ಸುಮ್ನಿರಲ್ಲ."

ಇಂಥವರು ಸತ್ಯವನ್ನು ಹುಡುಕಿಕೊಂಡು ಹೋಗುವವರಲ್ಲ. ಎದುರು ನಿಂತು ಕೇಳಿದವರಿಗೆ ಬೇರೊಂದು ಉತ್ತರ ಹೇಳಲು ಅವರ ನಾಲಗೆ ಏಳದು, ಅಷ್ಟೆ. ಜೊತೆಗೆ ಆಡಿದವರು ಅವರ ಮೇಲೆ ವರ್ಷಗಟ್ಟಲೆ ಸಿಟ್ಟಿನಲ್ಲಿರುತ್ತಾರೆ. ಆಮೇಲೆ ಎಂದೋ ಒಂದು ದಿನ, ಅವನು ನಮ್ಮ ತಂಡದವನಾಗಿದ್ದ ಎಂದು ಹೇಳಿಕೊಳ್ಳತೊಡಗುತ್ತಾರೆ.