ಸಂತೆ ಒಪ್ಪಬೇಕು

ವಲ್ಡೊಮಿರೊ ಜೇಬಿಗೆ ಕೈ ಹಾಕಿದ್ದನ್ನು ಕಂಡದ್ದೇ ತಡ, ಶವಪೆಟ್ಟಿಗೆ ಹೊತ್ತವರು ಗುಡ್ಡದ ಏರಿನಲ್ಲೂ ಬಿರುಸಾಗಿ ಹೆಜ್ಜೆ ಹಾಕತೊಡಗಿದರು.

"ಓಡ್ರೋ! ವಲ್ಡೊಮಿರಣ್ಣ ಪದ್ಯ ತೆಗೀತಾ ಇದಾನೆ!" ಎಂದಳು ಮರಗೆಣಸಿನ ಹಿಟ್ಟು ಮಾರುವ ಜೊವೆಲಿನಾ.

"ನಿನ್ನ ಬಾಯಿಗೆ ನಿನ್ನ ಹಿಟ್ಟೇ ಬೀಳ! ಸತ್ತೋಳ ಮುಂದೆ ಎರಡು ಮಾತಾಡೋ ಹಕ್ಕು ನನಗಿಲ್ವಾ?"

"ಎರಡೇ ಆದ್ರೆ ಯಾರು ಬೇಡ ಅಂತಾರೆ? ಆ ಸುರುಳಿ ನೋಡಿದ್ರೆ ಇಲ್ಲೇ ಹಾಸಿಗೆ ಹಾಸ್ಬೇಕು."

ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದ ಸತ್ತ ದೊರಾಲಿಸಳ ತಂಗಿ ಇರಾಸಿ ಕಪ್ಪು ಶಾಲಿನ ಮರೆಯಲ್ಲಿ ನಕ್ಕಳು. "ಓದ್ಲಿ ಬಿಡೇ. ಆದ್ರೆ ಅಕ್ಕನ ಕಾನೂನೇ ಕಾನೂನು. ಸಾಕು ಅನ್ನಿಸಿದ್ರೆ ಸಾಕು ಅನ್ನಿ."

ವಲ್ಡೊಮಿರೊನ ಮುಖ ಸಣ್ಣದಾಯಿತು. ದೊರಾಲಿಸ್ ಮಣ್ಣಿಗಿಳಿಯುವ ಮುನ್ನ ಒಂದು ಸಲವಾದರೂ ಕೊನೆಯ ಸಾಲಿನ ತನಕ ಹೋಗಬೇಕು, ಅವನಿಗೆ ಬೇಕಾದ್ದು ಅಷ್ಟೇ. ಅವನ ಯಾವ ಪದ್ಯದ ಕೊನೆಯನ್ನೂ ಅವಳು ಕೇಳಿರಲಿಲ್ಲ.

* * *

ದೊರಾಲಿಸಳ ಅಚ್ಚಿನಮನೆ ಎಂದರೆ ಸಂತೆಬೀದಿಗೆ ಬಾಗಿಲು ತೆರೆದ ಒಂದೇ ಕೋಣೆ. ಕಾಲಲ್ಲಿ ತುಳಿಯುವ ಹಳೆಯ ಯಂತ್ರವನ್ನು ದೂರದ ರೆಸಿಫೆ ಪಟ್ಟಣದಿಂದ ತರಿಸಲು ಊರವರೆಲ್ಲ ಆಡು, ಕೋಳಿ, ಜೋಳ ಕೊಟ್ಟಿದ್ದರು. ಊರ ಯಂತ್ರವಾದ್ದರಿಂದ ಯಾರ ಪದ್ಯ ಅಚ್ಚಾಗಬೇಕೆಂದು ಊರೇ ಹೇಳಬೇಕು ಎಂಬುದು ಅವಳ ಹಟ. ಶನಿವಾರ ಕವಿ ಹೊಸ್ತಿಲ ಮೇಲೆ ನಿಂತು ಓದಬೇಕು. ಸಂತೆಯವರು ವ್ಯಾಪಾರ ಬಿಟ್ಟು ಕೇಳಿದರೆ ಪದ್ಯ ಪುಸ್ತಿಕೆಯಾಗಿ ಅಚ್ಚಾಗಿ, ಮಾರಾಟಕ್ಕೆಂದು ಬಾಗಿಲ ದಾರಕ್ಕೆ ನೇತುಬೀಳುತ್ತಿತ್ತು. "ಸಾಕು!" ಎಂದರೆ ಕವಿ ಮನೆಗೆ. ಪಾದ್ರಿಗೂ ಒಮ್ಮೆ ಸಾಕು ಅಂದಿದ್ದರು. ಪಾದ್ರಿ ತಿಂಗಳುಗಟ್ಟಲೆ ಆ ಬೀದಿಗೆ ಕಾಲಿಡಲಿಲ್ಲ. ಬರದಿದ್ದರೆ ಬಿಡಲಿ, ಯಾರಿಗೇನು ನಷ್ಟ?

ವಲ್ಡೊಮಿರೊನದು ಕ್ಷೌರದ ಅಂಗಡಿ. ಅಲ್ಲಿ ಗಂಟಲ ಬಳಿ ಕತ್ತಿ ಇದ್ದವರೆಲ್ಲ ಅವನ ಪದ್ಯಕ್ಕೆ ಭೇಷ್ ಎನ್ನುತ್ತಿದ್ದರು. ಸಂತೆಯಲ್ಲಿ ಕತ್ತಿ ಇರಲಿಲ್ಲ.

ಹರೆಯದಲ್ಲಿ ಒಂದು ಶನಿವಾರ ಅವನು ಹೊಸ ಅಂಗಿ ತೊಟ್ಟು ಬಂದ. ಲೋಕ ಹುಟ್ಟಿದಲ್ಲಿಂದ ಶುರುಮಾಡಿದ. ಆದಾಮ, ಹವ್ವ, ನೋಹನ ಹಡಗು. ಪ್ರಾಣಿಗಳು ಒಂದೊಂದಾಗಿ ಹಡಗು ಹತ್ತುತ್ತಿರುವಾಗಲೇ ಜೊವೆಲಿನಾ "ಸಾಕು!" ಎಂದಳು. ಬೀದಿಗೆ ಬೀದಿಯೇ ಕೂಗಿತು.

ದೊರಾಲಿಸ್ ಮಸಿಯ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಊರೋರ ತಲೆಗೆಲ್ಲಾ ಕತ್ತರಿ ಹಾಕ್ತೀಯ, ನಿನ್ನ ಪದ್ಯಕ್ಕೆ ಹಾಕೋಕೆ ಕೈ ನಡುಗುತ್ತಾ? ಅಷ್ಟಕ್ಕೂ ಏನು ಹೇಳೋಕೆ ಬಂದೆ?"

"ಅದು ಕೊನೇ ಸಾಲಲ್ಲಿದೆ."

"ಹಾಗಾದ್ರೆ ಅದನ್ನೇ ಓದು."

"ಪೀಠಿಕೆ ಇಲ್ದೆ ಓದೋಕೆ ನಾನೇನು ದನಗಾಹಿನಾ?" ಎಂದು ಸಿಡುಕಿ ಹೊರಟುಹೋದ.

ಮೂರ್ಖ. ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿ ಬರೆದದ್ದು ಆ ಕೊನೆಯ ಸಾಲಿನಲ್ಲೇ. ಆಮೇಲೆ ಅವನೂ ಮದುವೆಯಾಗಲಿಲ್ಲ, ಅವಳೂ ಆಗಲಿಲ್ಲ. ಅವಳಿಗೇನು, ಯಂತ್ರವಿತ್ತು, ಊರಿತ್ತು.

* * *

ಗುಂಡಿಯ ಬಳಿ ಪಾದ್ರಿ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿದರು. ಅವರಿಗೂ ಕಾನೂನು ಗೊತ್ತಿತ್ತು.

ವಲ್ಡೊಮಿರೊ ಸುರುಳಿ ಬಿಚ್ಚಿದ. "ಆದಿಯಲ್ಲಿ ಕತ್ತಲಿತ್ತು..."

"ಸಾಕು!"

ಒಂದು ಹಾಳೆ ಜೇಬಿಗೆ ಹೋಯಿತು. "ಕಡಲ ತುಂಬ ಮೀನು ಹುಟ್ಟಿ..."

"ಮೀನು ಶುಕ್ರವಾರದ ಊಟಕ್ಕಿರ್ಲಿ! ಸಾಕು!"

ಆದಾಮ ಹೋದ, ನೋಹ ಹೋದ, ದೊರಾಲಿಸಳನ್ನು ಚಂದ್ರನಿಗೆ ಹೋಲಿಸಿದ್ದೂ ಹೋಯಿತು. ಇರಾಸಿ ಅಳುತ್ತಲೇ ನಗುತ್ತಿದ್ದಳು. ಗುಂಡಿ ತೋಡಿದ ತಿಬೂರ್ಸಿಯೊ ಸಲಿಕೆಗೆ ಒರಗಿ, "ಅಣ್ಣಾ, ಬಿಸಿಲು" ಎಂದ.

ವಲ್ಡೊಮಿರೊ ಪೆಟ್ಟಿಗೆಯನ್ನೇ ನೋಡಿದ. ಉಳಿದ ಹಾಳೆಗಳನ್ನು ಮುದುರಿ ಎಸೆದ. ಬರಿಗೈಯಲ್ಲಿ ನಿಂತು, ಬರೆಯದೇ ಇದ್ದದ್ದನ್ನು ಹೇಳಿದ:

"ಮಾತೊಂದ ಕೇಳಬಂದೆ, ದೊರಾಲಿಸ್, ನಿನ್ನ ಬಾಗಿಲಲಿ;
ಸೋತೆನೇ, ಪೀಠಿಕೆಯಲ್ಲೇ ಸಂಜೆಯಾಯಿತಲ್ಲೇ."

ಕೂಗಲು ತೆರೆದ ಜೊವೆಲಿನಾಳ ಬಾಯಿ ಹಾಗೇ ಉಳಿಯಿತು.

"ಆಮೇಲೆ?" ಎಂದಳು.

"ಅಷ್ಟೇ."

"ಇಷ್ಟು ವರ್ಷ ಇದನ್ನೆಲ್ಲಿ ಬಚ್ಚಿಟ್ಟಿದ್ಯೋ ಮುಂಡೇದೆ!" ಎಂದು ಅವಳು ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಹೇಳಣ್ಣ," ಎಂದಳು ಇರಾಸಿ. "ಅಚ್ಚಿಗೆ ಬೇಕಲ್ಲ. ಇನ್ಮೇಲೆ ಯಂತ್ರ ತುಳಿಯೋಳು ನಾನೇ."

ವಲ್ಡೊಮಿರೊ ನಂಬಲಿಲ್ಲ. "ಎರಡು ಸಾಲಿಗೆ ಪುಸ್ತಕ ಹೇಗೆ ಮಾಡ್ತೀಯ?"

"ಮಿಕ್ಕಿದ್ದೆಲ್ಲಾ ಖಾಲಿ ಪುಟ. ನಿನ್ನ ಪುಸ್ತಕ ಅಂದ್ರೆ ಜನ ಅದಕ್ಕೇ ಕೊಂಡ್ಕೋತಾರೆ."

ನಗು ಎದ್ದಿತು. ನಗುವಿನ ನಡುವೆಯೇ ಪೆಟ್ಟಿಗೆ ಕೆಳಗಿಳಿಯಿತು.

ಮಣ್ಣು ಮುಚ್ಚಿ ಗುಡ್ಡ ಇಳಿಯುವಾಗ ಹೆಂಗಸರು ಮುಂದಿದ್ದರು. ಜೊವೆಲಿನಾ ಆ ಎರಡು ಸಾಲಿಗೆ ರಾಗ ಹಚ್ಚಿದಳು. ಉಳಿದವರು ದನಿಗೂಡಿಸಿದರು. 'ಬಾಗಿಲಲಿ' ಎಂಬುದನ್ನು ತೆಗೆದು 'ಹೊಸ್ತಿಲಲಿ' ಎಂದು ಹಾಡಿಕೊಂಡರು. ವಲ್ಡೊಮಿರೊ ತಿದ್ದಲೆಂದು ಓಡಿ ಅವರನ್ನು ಸೇರಿಕೊಂಡ, ಬಾಯಿ ತೆರೆದ. ಆಮೇಲೆ ತಾನೂ 'ಹೊಸ್ತಿಲಲಿ' ಎಂದೇ ಹಾಡುತ್ತ ಅವರ ಜತೆ ಇಳಿದ.