ಫ್ರಿಜ್ಜಿನ ಬೆನ್ನಿನ ಜಾಲರಿ

ಕೆಂಪು ಚುಕ್ಕಿ ಮಿನುಗ್ತಿದೆ, ಅಂದ್ರೆ ರೆಕಾರ್ಡ್ ಆಗ್ತಿದೆ. ಯಾರಪ್ಪ ಅದು ಮನೆಯವರ ಗ್ರೂಪಿನಲ್ಲಿ ಬರೆದಿದ್ದು, 'ದೊಡ್ಡಪ್ಪನಿಗೆ ಮರೆವು, ಅವರನ್ನ ಕೇಳಿ ಏನೂ ಪ್ರಯೋಜನ ಇಲ್ಲ' ಅಂತ? ಮರೆವಂತೆ, ನಿಮ್ಮಜ್ಜಿ ತಲೆ! ನಿಮ್ಮಜ್ಜಿ ಅಂದ್ರೆ ನನ್ನಮ್ಮನೇ ಆಗ್ತಾಳೆ, ಇರಲಿ. ಮೀನು, ಐಸ್‌ಕ್ರೀಮು ಸಾಗಿಸೋ ತಂಪು ಲಾರಿಗಳನ್ನ ನಲವತ್ತು ವರ್ಷ ರಿಪೇರಿ ಮಾಡಿದವನು ನಾನು. ಯಾವ ಲಾರಿ ಬಾಗಿಲಿನ ರಬ್ಬರು ಯಾವ ಬೇಸಿಗೆಯಲ್ಲಿ ಹರೀತು ಅಂತ ಈಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ನಿಮಗೆ ನಿನ್ನೆ ಚಾರ್ಜರ್ ಎಲ್ಲಿಟ್ರಿ ಅಂತ ಗೊತ್ತಿರಲ್ಲ, ನನಗೆ ಮರೆವು!

ಮಗಳೇ, ನಾನು ಮಾತಾಡ್ತಿರೋದು ನಿನ್ನ ಹತ್ರ. ನನ್ನ ತಮ್ಮನ ಮಗಳು, ಕೇಳಬೇಕಾದವಳು ನೀನೇ. ನೀನೂ ಅಳಿಯಂದಿರೂ ಈ ಬೇಸಿಗೆ ಕ್ಯಾಂಪಿಗೆ ಅಂತ ನಮ್ಮ ಹಳೇ ಮನೆ-ವ್ಯಾನು ತೊಳೀತಿದ್ದೀರಿ. ಒಳಗಿನಿಂದ ಫ್ರಿಜ್ ಕಳಚಿ, ಫೋಟೋ ಹಾಕಿ ಕೇಳಿದ್ದೀಯ, 'ದೊಡ್ಡಪ್ಪ, ಇದರ ಹಿಂದೆ ಕಪ್ಪಗೆ ಕರಗಿದ ಸ್ಪಂಜು ಅಂಟಿದೆ, ಏನಿದು?' ಅಂತ. ಒಂದು ವಾರ ಬಾಯಿ ಬಿಡಲಿಲ್ಲ ನಾನು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮರೆವು ಅಂತ ತಪ್ಪಿಸ್ಕೊಳ್ಳೋಕೆ ನನಗೊಂದು ಬಾಗಿಲು ತೆಗೆದುಕೊಟ್ರು. ಬೇಡ ನನಗೆ ಆ ಬಾಗಿಲು. ಅದು ಏನು ಅಂತ ಹೇಳ್ತೀನಿ, ಕೇಳು.

ಹತ್ತು ವರ್ಷ ಆಯ್ತು. ಕೆಲಸ ಬಿಟ್ಟ ಮೇಲೆ ಆ ವ್ಯಾನು ತಗೊಂಡೆ. ನಿಮ್ಮಮ್ಮನಿಗೆ ಆಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಸೆಕೆ ಅಂದ್ರೆ ಒಣಗಿದ ಸೊಪ್ಪಿನ ಹಾಗೆ ಆಗಿಬಿಡೋಳು. "ಭಾವ, ಕೆರೆ ದಡದಲ್ಲಿ ಒಂದು ವಾರ ಇರೋಣ ಅಂತ ಆಸೆ. ಆದ್ರೆ ಆ ಡಬ್ಬಿ ಒಳಗೆ ಬೆಂದುಹೋಗ್ತೀನಿ" ಅಂದ್ಲು. ನಾನು ಎದೆ ತಟ್ಟಿಕೊಂಡೆ. "ನಲವತ್ತು ವರ್ಷ ಸತ್ತ ಮೀನನ್ನ ತಂಪಾಗಿಟ್ಟಿದ್ದೀನಮ್ಮ, ಜೀವ ಇರೋ ನಿನ್ನನ್ನ ಇಡಲ್ವಾ?"

ಹದಿನೈದು ದಿನ ದುಡಿದ್ವಿ ನಾನೂ ನಿಮ್ಮಪ್ಪನೂ. ಮೇಲ್ಛಾವಣಿಗೆ ಎರಡು ಕೋಟು ಬಿಳಿ ಬಣ್ಣ. ಕಿಟಕಿ ಗಾಜಿನ ಅಳತೆಗೆ ಬೆಳ್ಳಿ ಹಾಳೆ ಕತ್ತರಿಸಿ ಕೂರಿಸಿದೆ. ಬಾಗಿಲಿಗೆ ಹೊಸ ರಬ್ಬರು, ಮಾಡಿನ ಫ್ಯಾನಿಗೆ ಹೊಸ ಮೋಟರು. ನಿಮ್ಮಪ್ಪ ದರ್ಜಿ ತಾನೇ, ದಪ್ಪ ಪರದೆ ಹೊಲಿದ, ಬಾಗಿಲ ಮುಂದೆ ಬಿಚ್ಚೋ ನೆರಳಿನ ಬಟ್ಟೆ ಹೊಲಿದ. ಎಂಥ ಹೊಲಿಗೆ ಅಂತೀಯ, ಗಾಳಿ ಹೊಡೆದ್ರೂ ಒಂದು ಎಳೆ ಬಿಡಲಿಲ್ಲ.

ಉಳಿದಿದ್ದು ಫ್ರಿಜ್ಜು. ಗ್ಯಾಸಿನ ಉರಿಯಲ್ಲಿ ಓಡೋ ಫ್ರಿಜ್ಜು ಅದು. ವ್ಯಾನಿನ ಹೊರಮೈಯಲ್ಲಿ ಅದರ ಬೆನ್ನಿಗೆ ಎರಡು ಜಾಲರಿ, ಕೆಳಗೊಂದು, ಮೇಲೊಂದು. ನಾನು ಅದಕ್ಕೆ ಸ್ಪಂಜು ತುಂಬೋಕೆ ಹೊರಟೆ. ತಂಪು ಲಾರಿಯಲ್ಲಿ ನಾವು ಕಲಿತದ್ದು ಒಂದೇ ಪಾಠ, ತೂತು ಕಂಡ್ರೆ ಮುಚ್ಚು.

ನಿಮ್ಮಪ್ಪ ಕೈ ಹಿಡಿದ. "ಅಣ್ಣ, ಬಟ್ಟೆಯಲ್ಲಿ ಯಾರೂ ಸುಮ್ಮನೆ ತೂತು ಬಿಡಲ್ಲ. ಕಾಜಾ ಇದೆ ಅಂದ್ರೆ ಅದಕ್ಕೊಂದು ಗುಂಡಿ ಇರುತ್ತೆ. ಇದನ್ನೂ ಏನಕ್ಕೋ ಬಿಟ್ಟಿರ್ತಾರೆ."

"ಓಹೋ, ಬಂದ್ರು ನೋಡಪ್ಪ ಇಂಜಿನಿಯರ್ರು! ನೀನು ಹೋಗಿ ಲಂಗ ಹೊಲಿ."

"ಬೈಕೋ ಅಣ್ಣ, ಆದ್ರೆ ಮುಚ್ಚಬೇಡ. ಅವಳ ಔಷಧಿ ಇರೋದು ಅದರಲ್ಲೇ."

"ಆಯ್ತು ಮಾರಾಯ, ಮುಚ್ಚಲ್ಲ" ಅಂದೆ. ಹೊರಡೋ ದಿನ ಬೆಳಿಗ್ಗೆ, ಅವನು ನೀರು ತುಂಬಿಸೋಕೆ ಹೋದಾಗ, ಮುಚ್ಚಿದೆ. ದರ್ಜಿ ಮಾತು ಕೇಳಬೇಕಾ ನಾನು?

ಆ ಉರಿಯ ಶಾಖ ಹೊರಗೆ ಹೋಗೋ ದಾರಿನೇ ಅದು. ದಾರಿ ಕಟ್ಟಿದ್ರೆ ಫ್ರಿಜ್ಜು ಒಲೆಯಾಗುತ್ತೆ.

ಎರಡನೇ ದಿನ ಮಧ್ಯಾಹ್ನ ಕೆರೆಯಿಂದ ಬಂದು ತೆಗೆದ್ರೆ ಬೆಣ್ಣೆ ಎಣ್ಣೆಯಾಗಿತ್ತು. "ನಿಮಿಷಕ್ಕೊಂದು ಸಲ ಬಾಗಿಲು ತೆಗೆದ್ರೆ ಇನ್ನೇನಾಗುತ್ತೆ?" ಅಂತ ನಾನೇ ರೇಗಿದೆ. ನಿಮ್ಮಪ್ಪ ಔಷಧಿ ಬಾಟಲಿ ಮುಟ್ಟಿ ನೋಡಿ, "ಅಣ್ಣ, ಇದು ಬಿಸಿ ಇದೆ. ಪೇಟೆಗೆ ಹೋಗಿ ಬೇರೆ ತರ್ಲಾ?" ಅಂದ. "ಬಿಸಿನೂ ಇಲ್ಲ, ಮಣ್ಣೂ ಇಲ್ಲ. ಸಂಜೆಗೆ ತಣ್ಣಗಾಗುತ್ತೆ, ಸುಮ್ನೆ ಕೂತ್ಕೋ" ಅಂದೆ. ಅಣ್ಣ ಹೇಳಿದ ಅಂತ ಕೂತ. ಅದೇ ಔಷಧಿ ಚುಚ್ಚಿಕೊಂಡ್ಲು ನಿಮ್ಮಮ್ಮ.

ಮೂರನೇ ಬೆಳಿಗ್ಗೆ ವಾಂತಿ. ಉಸಿರು ಎಳ್ಕೊಂಡು ಎಳ್ಕೊಂಡು ಬಿಡ್ತಿದ್ಲು, ಕಣ್ಣು ತೇಲಿಸಿಬಿಟ್ಟಿದ್ಲು. ಪಕ್ಕದ ಡೇರೆಯವರ ಕಾರಿನಲ್ಲಿ ನಿಮ್ಮಪ್ಪ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಓಡಿದ. "ನೀನು ನಡಿ, ನಾನು ವ್ಯಾನು ಮುಚ್ಚಿ ಬರ್ತೀನಿ" ಅಂದೆ.

ಮುಚ್ಚಲಿಲ್ಲ ಮಗಳೇ, ತೆಗೆದೆ. ಜಾಲರಿ ಕಳಚಿ ಸ್ಪಂಜು ಕಿತ್ತು ಕ್ಯಾಂಪಿನ ಕಸದ ಡಬ್ಬಿಗೆ ಹಾಕಿದೆ. ಒಳಗೆ ಕರಗಿ ಅಂಟಿದ್ದು ಬರಲಿಲ್ಲ. ನೀನು ನೋಡಿದ್ದು ಅದನ್ನೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ರು, "ಇನ್ಸುಲಿನ್ ಬಿಸಿಯಲ್ಲಿ ಇಟ್ಟಿದ್ರಾ? ಕೆಟ್ಟುಹೋಗಿದೆ ಅದು." ನಿಮ್ಮಪ್ಪ ನನ್ನ ಮುಖ ನೋಡಿದ. ನಾನಂದೆ, "ಫ್ರಿಜ್ಜಿಗೆ ಗ್ಯಾಸ್ ಹಚ್ಚಿದವನು ಇವನೇ. ಸರಿಯಾಗಿ ಹಚ್ಚಿರಲ್ಲ."

"ಅಣ್ಣ, ನೀಲಿ ಉರಿ ನೋಡಿದ ಹಾಗಿತ್ತು ನನಗೆ."

"ಹಾಗಿತ್ತು ಅಂದ್ರೆ? ನೋಡಿದ್ಯೋ, ಇಲ್ವೋ?"

ಗ್ಯಾಸ್ ಹಚ್ಚೋ ಹಾಗೆ ಬೆರಳನ್ನ ಗಾಳಿಯಲ್ಲಿ ತಿರುಗಿಸಿ ನೋಡಿದ. ಆಮೇಲೆ, "ನೆನಪಿಲ್ಲ ಅಣ್ಣ" ಅಂದ.

ಅಲ್ಲಿಗೆ ಮುಗೀತು. ಐದು ದಿನಕ್ಕೆ ನಿಮ್ಮಮ್ಮ ಎದ್ದು ಕೂತ್ಲು. ಮೂತ್ರಪಿಂಡಕ್ಕೆ ಬಿದ್ದ ಏಟು ಮಾತ್ರ ವಾಸಿಯಾಗಲಿಲ್ಲ. ಅವಳು ನಿಮ್ಮಪ್ಪನನ್ನ ಬೈಯಲಿಲ್ಲ, ಕ್ಷಮಿಸಿದ್ಲು. ತಪ್ಪೇ ಮಾಡದೇ ಇದ್ದವನನ್ನ ಕ್ಷಮಿಸಿದ್ಲು. ಹೋದ ವರ್ಷ ಅವಳು ತೀರಿಕೊಳ್ಳೋವರೆಗೂ ನಿಮ್ಮಪ್ಪ ಮನೆ ಗ್ಯಾಸ್ ಒಲೆಯ ತಿರುಗಿಸೋ ಗುಂಡಿಯನ್ನ ಮೂರು ಮೂರು ಸಲ ಮುಟ್ಟಿ ನೋಡೋನು. ನೀವೆಲ್ಲ ನಗ್ತಿದ್ರಿ. ನಾನೂ ನಕ್ಕಿದ್ದೀನಿ. ಅವಳು ಹೋದ ದಿನ ನನ್ನ ಹೆಗಲ ಮೇಲೆ ತಲೆ ಇಟ್ಟು, "ಅಣ್ಣ, ಆ ಉರಿ ನಾನು ಸರಿಯಾಗಿ ನೋಡಿದ್ದಿದ್ರೆ" ಅಂದ. ಬೆನ್ನು ಸವರಿದೆ. ಅಷ್ಟೇ ಮಾಡಿದ್ದು.

ಈಗ ಕೇಳ್ತೀಯ, ಅಪ್ಪನಿಗೆ ನೀವೇ ಹೋಗಿ ಹೇಳಬಹುದಲ್ಲ ಅಂತ. ನಿನ್ನ ಫೋಟೋ ಬಂದ ಮೇಲೆ ಅವನ ಹೊಲಿಗೆ ಅಂಗಡಿಗೆ ಮೂರು ಸಲ ಹೋದೆ. ಹೋದ ಕೂಡಲೇ ಮೆಷಿನ್ ನಿಲ್ಲಿಸ್ತಾನೆ, ಕುರ್ಚಿ ಎಳೀತಾನೆ, ಇರೋ ಒಂದು ಫ್ಯಾನನ್ನ ನನ್ನ ಕಡೆ ತಿರುಗಿಸ್ತಾನೆ. "ಸೆಕೆ ಜಾಸ್ತಿ ಅಣ್ಣ, ಕೂತ್ಕೋ" ಅಂತಾನೆ. ಮೂರು ಸಲವೂ ಅವನ ಫ್ಯಾನಿನ ಗಾಳಿ ತಗೊಂಡು ಎದ್ದು ಬಂದೆ.

ವ್ಯಾನು ಬೇಕಾದ್ರೆ ನೀವೇ ಇಟ್ಕೊಳ್ಳಿ. ಜಾಲರಿಗೆ ಒಂದು ಚಿಂದಿ ಬಟ್ಟೆನೂ ತಾಗಿಸಬೇಡಿ. ಇನ್ನೊಂದು, ನಿಮ್ಮಪ್ಪನ ಹತ್ರ ಇರೋದು ಬಟನ್ ಫೋನು, ಇದು ಅವನಿಗೆ ತಲುಪಲ್ಲ. ಸಂಜೆ ಅಂಗಡಿಗೆ ಹೋಗಿ ನೀನೇ ಕೇಳಿಸು. ಮೊದಲು ಮೆಷಿನ್ ನಿಲ್ಲಿಸು, ಆ ಸದ್ದಿನಲ್ಲಿ ಅವನಿಗೆ ಕೇಳಿಸಲ್ಲ. ಗ್ಯಾಸ್ ಹಚ್ಚಿದ ಆ ಬೆಳಿಗ್ಗೆ ಅವನು ನೀಲಿ ಉರಿ ನೋಡಿದ್ದ. ಪಕ್ಕದಲ್ಲಿ ನಿಂತು ನಾನೂ ನೋಡಿದ್ದೆ. ಬೇರೇನು ಬಿಟ್ರೂ ಪರವಾಗಿಲ್ಲ, ಆ ಮಾತನ್ನ ಎರಡು ಸಲ ಕೇಳಿಸು.