ಇಸಕ್ಕಿಗೆ ಬಿಸಿ ಗಂಜಿ

ತಟ್ಟೆ ತಿರುಗುತ್ತಿದೆ, ಒಳಗೆ ದೀಪ ಉರಿಯುತ್ತಿದೆ, ಗುಂಯ್ ಅನ್ನುತ್ತಿದೆ, ಮತ್ತೇನು ಕೇಡು ಈ ಓವನ್ನಿಗೆ, ಪೇಚಿಯಮ್ಮ ಬಾಗಿಲು ತೆಗೆದು ಬಟ್ಟಲಿಗೆ ಬೆರಳದ್ದಿದಳು, ಗಂಜಿ ಬಾವಿನೀರಿನಷ್ಟು ತಣ್ಣಗೆ, ಬೆಳಿಗ್ಗೆ ಗಂಡ ಸುಡಲೈಮುತ್ತು ಕಾಯಿಸಿಟ್ಟು ಅಂಗಡಿಗೆ ಹೋದದ್ದು, ಎರಡು ಸಲ ಇಟ್ಟಾಯಿತು, ಬಟ್ಟಲು ಗಾಜಿನದೇ, ಸ್ಟೀಲಿನದಲ್ಲ, ಅಷ್ಟು ಪೆದ್ದಿಯಲ್ಲ ಅವಳು — ಒಳಕೋಣೆಯಿಂದ ಇಸಕ್ಕಿ, ಅಕ್ಕಾ, ಆಯ್ತಾ, ದನಿ ಎಷ್ಟು ಸಣ್ಣಗಾಗಿದೆ, ವಾರದಿಂದ ಜ್ವರ, ಬಾಯಿಗಿಟ್ಟದ್ದೆಲ್ಲ ವಾಂತಿ, ಇವತ್ತೂ ಏನೂ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದಿದ್ದಾರೆ ಡಾಕ್ಟರು, ಈಗ ತಾನಾಗಿ ಕೇಳಿದ್ದಾಳೆ, ಬಿಸಿಬಿಸಿ ಗಂಜಿ ಕೊಡಕ್ಕಾ, ತಣ್ಣಗಿದ್ರೆ ನಿಲ್ಲಲ್ಲ, ತರ್ತೀನಿ ಇರೇ, ಕುಣೀಬೇಡ, ಎಂದು ಗದರಿದಳು ಪೇಚಿಯಮ್ಮ, ಗದರದೆ ಮಾತಾಡಲು ಅವಳಿಗೆ ಬಂದರಲ್ಲವೇ, ಈ ಮನೆಗೆ ವಾರಗಿತ್ತಿಯರಾಗಿ ಬಂದಾಗಿನಿಂದ ಇಬ್ಬರದೂ ಅದೇ, ಕೊಡಪಾನಕ್ಕೆ ಜಗಳ, ಕೊಡೆಗೆ ಜಗಳ. ಗ್ಯಾಸ್ ಒಲೆ ಇಲ್ಲೇ ಇದೆ, ಹಚ್ಚಿದರೆ ಮುಗಿಯಿತು, ಕೈ ಮುಂದೆ ಹೋಗುವುದಿಲ್ಲ, ಹಪ್ಪಳದ ಬಾಣಲೆ ಮಗುಚಿ ಎರಡೂ ಕೈ ಬೆಂದ ಮೇಲೆ ನೀಲಿ ಉರಿ ಕಂಡರೆ ಎರಡು ಹೆಜ್ಜೆ ಹಿಂದೆ, ಆಗ ಉಣಿಸಿದವಳು ಇಸಕ್ಕಿಯೇ, ಚಮಚ ಚಮಚವನ್ನೂ ಊದಿ, ತುಟಿ ಗುಂಡಗೆ ಮಾಡಿ ಫೂ ಎಂದು, ಬಾಯಿ ತೆಗಿ ಅಕ್ಕಾ, ಜಗಳಕ್ಕೆ ಊರಗಲ ತೆಗೀತೀಯಲ್ಲ — ಆ ಗುಂಡು ತುಟಿ. ಈ ಓವನ್ನೂ ಅವಳದೇ, ಬೀಡಿ ಸುತ್ತಿ ಕೂಡಿಟ್ಟದ್ದರಲ್ಲಿ ತಂದಳು, ಬೆಂಕಿ ಮುಟ್ಬೇಡ, ಗುಂಡಿ ಒತ್ತು ಸಾಕು, ಅಂದಳು, ಅದಕ್ಕೆ ಪೇಚಿಯಮ್ಮ ಏನಂದಳು, ಎಷ್ಟು ಜಾಗ ತಿನ್ನುತ್ತೆ ಈ ಡಬ್ಬ, ಅಷ್ಟೇ.

ಗಂಡನಿಗೆ ಫೋನು, ಪ್ಲಗ್ ಕಿತ್ತು ಹಾಕೇ, ಹಾಕಿದೆ ರೀ, ಮಿಕ್ಸಿ ಸಾಕೆಟ್ಟಿಗೂ ಹಾಕಿದೆ, ಹಾಗಾದ್ರೆ ಅದರ ಜೀವ ಹೋಯ್ತು ಬಿಡು, ನಿಮ್ಮ ಬಾಯಿಗೆ ಮಣ್ಣು ಹಾಕ. ರಿಪೇರಿಯವನಿಗೆ ಫೋನು, ಇವತ್ತು ಆಯುಧಪೂಜೆ ಅಮ್ಮಾ, ಸ್ಕ್ರೂಡ್ರೈವರೆಲ್ಲ ದೇವರ ಮುಂದೆ ಇಟ್ಟಿದೀನಿ, ನಾಳೆ ಮರುಪೂಜೆ ಆಗೋತನಕ ಮುಟ್ಟೋ ಹಾಗಿಲ್ಲ, ಹಾಗಾದ್ರೆ ಇಲ್ಲೊಬ್ಬಳ ಹಸಿವನ್ನೂ ನಾಳೆತನಕ ದೇವರ ಮುಂದೆ ಇಡ್ಲೇನಪ್ಪಾ, ಫೋನು ಕುಕ್ಕಿದಳು. ಪೂಜೆಯಾದದ್ದನ್ನು ಇವತ್ತೇ ದುಡಿಸಿದ್ದಕ್ಕೆ ಮುನಿಸೇನೋ ದೇವರಿಗೆ, ಬೆಳಿಗ್ಗೆ ತಾನೇ ಮಾಡಿದಳಲ್ಲ, ರುಬ್ಬುಕಲ್ಲಿಗೊಂದು ಬೊಟ್ಟು, ಈಳಿಗೆಗೊಂದು, ಬೀಡಿ ಎಲೆಯ ಕತ್ತರಿಗೊಂದು, ಇದಕ್ಕೆ ಮಾತ್ರ ಕೈತುಂಬ ಗಂಧ, ಬಾಗಿಲಿಗೆ, ಅಂಚಿಗೆ, ಸಂದಿಗೆ, ಇಸಕ್ಕಿಗೆ ಹೇಳಲಾರದ್ದನ್ನು ಅವಳು ತಂದ ಡಬ್ಬಕ್ಕೆ ಹೇಳುವ ಹಾಗೆ, ಸಂದಿಗೆ — ಸಂದಿಗೆ! ಬಾಗಿಲು ತೆಗೆದಳು, ಹಾಕಿದಳು, ದಿನಾ ಟಕ್ ಟಕ್ ಎಂದು ಎರಡು ಸದ್ದು, ಇವತ್ತು ಒಂದೇ, ಅದೂ ಮೆತ್ತಗೆ, ಕೆಳಗಿನ ಕೊಂಡಿ ಕೂರುವ ತೂತಿನಲ್ಲಿ ಗಂಧ ಒಣಗಿ ಕಲ್ಲಾಗಿದೆ, ಎರಡೂ ಕೊಂಡಿ ಕೂರದೆ ಕಾಯುವುದಿಲ್ಲ ಇದು, ಅಯ್ಯೋ ಪೆದ್ದಿ, ನಿನ್ನ ಭಕ್ತಿಗಿಷ್ಟು ಬೆಂಕಿ ಹಾಕ, ಪ್ಲಗ್ ಕಿತ್ತಳು, ತಲೆಯ ಪಿನ್ನು ತೆಗೆದು ಕೆರೆದಳು, ಹಳದಿ ಪುಡಿ ಅಂಗೈಗೆ ಉದುರಿತು, ಸೆರಗಿನಿಂದ ಒರೆಸಿದಳು, ಟಕ್ ಟಕ್, ಗುಂಡಿ ಒತ್ತಿದಳು, ಗುಂಯ್ ಅನ್ನುವ ದನಿಯೇ ದಪ್ಪವಾಯಿತು, ತಿರುಗು ತಾಯಿ ತಿರುಗು, ಗಾಜಿನ ಮೇಲೆ ಆವಿ, ಆವಿ!

ಬಟ್ಟಲಿಗೆ ಬಟ್ಟೆ ಸುತ್ತಿ ಹಿಡಿದು ಮಂಚದ ಅಂಚಿಗೆ ಕುಳಿತಳು, ಇಷ್ಟೊತ್ತು ಏನು ಅಡುಗೆ ಅಕ್ಕಾ, ಬಾಯಿ ಮುಚ್ಕೊಂಡು ತಿನ್ನೇ, ಮುಚ್ಕೊಂಡು ಹೇಗೆ ತಿನ್ನಲಿ, ನಗು ಬಂತು ಇಬ್ಬರಿಗೂ, ಒಂದು ಗುಟುಕು ಇಳಿಯಿತು, ಕಾದಳು, ನಿಂತಿತು, ಇನ್ನೊಂದು, ಅದೂ ನಿಂತಿತು, ಈಗ ಹೇಳಬೇಕು, ಇಸಕ್ಕಿ, ನೀನಿಲ್ಲದಿದ್ದರೆ ನಾನು, ಮೂರನೇ ಚಮಚ ಎತ್ತಿದಳು, ಸುಡುತ್ತಕ್ಕಾ, ಎನ್ನುತ್ತ ಇಸಕ್ಕಿ ಮುಂದಕ್ಕೆ ಬಾಗಿದಳು, ಹೇಳಬೇಕಾದದ್ದು ಎಲ್ಲಿ ಹೋಯಿತೋ, ಜ್ವರಕ್ಕೆ ಒಡೆದ ಆ ತುಟಿ, ಆವಿಯ ಆಚೆ, ಗುಂಡಗೆ, ಫೂ —